ಕ್ಯಾಥರಿನ್ ಜಾನ್ಸನ್: ಲೆಕ್ಕ, ಮನೆ, ಜನ

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡುವುದು ಕ್ಯಾಥರಿನ್ ಜಾನ್ಸನ್ ಅವರ ಬಗ್ಗೆ. ಹುಟ್ಟಿದ್ದು 1918ರ ಆಗಸ್ಟ್ 26, ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ವೈಟ್ ಸಲ್ಫರ್ ಸ್ಪ್ರಿಂಗ್ಸ್ ಎಂಬ ಸಣ್ಣ ಊರಿನಲ್ಲಿ. ತೀರಿಕೊಂಡಿದ್ದು 2020ರ ಫೆಬ್ರವರಿ 24. ಆಗ ಅವರಿಗೆ 101 ವರ್ಷ. ನಾಸಾದಲ್ಲಿ ದುಡಿದ ಗಣಿತಜ್ಞೆ ಅಂತ ನಿಮ್ಮಲ್ಲಿ ಹಲವರಿಗೆ ಗೊತ್ತು. ಗಗನಯಾತ್ರಿ ಜಾನ್ ಗ್ಲೆನ್ ಬಾಹ್ಯಾಕಾಶಕ್ಕೆ ಹೋಗುವ ಮುಂಚೆ ಇವರ ಕೈಯಲ್ಲೇ ಲೆಕ್ಕ ಪರೀಕ್ಷೆ ಮಾಡಿಸಿದರು ಎಂಬ ಮಾತನ್ನೂ ಕೇಳಿರುತ್ತೀರಿ. ಅಲ್ಲಿಗೂ ಬರೋಣ.

ಇವರ ಬಗ್ಗೆ ಬರೆದದ್ದನ್ನು ಓದುವಾಗೆಲ್ಲ ನನಗೆ ಒಂದು ವಿಷಯ ಚುಚ್ಚುತ್ತದೆ. ರಾಕೆಟ್, ಕಕ್ಷೆ, ಚಂದ್ರ ಎಲ್ಲ ಮೊದಲು ಬರುತ್ತದೆ. ಮನೆ, ಮೂವರು ಹೆಣ್ಣುಮಕ್ಕಳು, ಚರ್ಚು, ಮಹಿಳಾ ಸಂಘ ಕೊನೆಯ ಪ್ಯಾರಾಕ್ಕೆ ಹೋಗುತ್ತದೆ. ಇಲ್ಲವೇ ಮನೆಯನ್ನು ದಾರಿಗೆ ಅಡ್ಡ ಬಂದ ಕಲ್ಲಿನ ಹಾಗೆ ತೋರಿಸುತ್ತಾರೆ: ಮದುವೆಯಾದರು, ಓದು ನಿಂತಿತು, ಪಾಪ! ಈ ಎರಡೂ ಸರಿಯಿಲ್ಲ ಅಂತ ನನಗೆ ಅನ್ನಿಸುತ್ತದೆ. ಇವರ ಗಣಿತವನ್ನು ಕಾಪಾಡಿದ್ದು, ಇವರನ್ನು ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಹತ್ತಿಸಿದ್ದು ಮನೆಯವರು ಮತ್ತು ಸುತ್ತಲಿನ ಜನ. ಅದನ್ನು ಅವರು ಕೊನೆಯವರೆಗೂ ಮರೆಯಲಿಲ್ಲ. ಆ ಜೋಡಣೆಯನ್ನು ಬಿಟ್ಟು ಅವರ ಬದುಕನ್ನು ಹೇಳಲು ಆಗುವುದಿಲ್ಲ.

ಅಪ್ಪನಿಂದ ಶುರು ಮಾಡುತ್ತೇನೆ. ಅಪ್ಪ ಜೋಶುವಾ ಕೋಲ್ಮನ್. ಓದಿದ್ದು ಬರೀ ಆರನೇ ಕ್ಲಾಸು. ಮರ ಕಡಿಯುವುದು, ಬೇಸಾಯ, ಊರಿನ ದೊಡ್ಡ ಹೋಟೆಲಿನಲ್ಲಿ ಸಿಕ್ಕಿದ ಕೆಲಸ, ಎಲ್ಲ ಮಾಡಿದವರು. ನಿಂತ ಮರವನ್ನು ನೋಡಿಯೇ ಇದರಲ್ಲಿ ಎಷ್ಟು ಹಲಗೆ ಬರುತ್ತದೆ ಅಂತ ಹೇಳಿಬಿಡುತ್ತಿದ್ದರಂತೆ. ಯೋಚಿಸಿ ನೋಡಿ. ಮರದ ಬುಡ ದಪ್ಪ, ಮೇಲೆ ಹೋದ ಹಾಗೆ ಸಣ್ಣ. ಎತ್ತರವನ್ನು ಕಣ್ಣಲ್ಲೇ ಅಳೆಯಬೇಕು, ತೊಗಟೆ ಕಳೆಯಬೇಕು, ಗರಗಸಕ್ಕೆ ಹೋಗುವ ಪುಡಿ ಕಳೆಯಬೇಕು. ಇದು ಘನ ಅಳತೆಯ ಲೆಕ್ಕವೇ. ಕಾಗದವಿಲ್ಲ ಅಷ್ಟೇ. ತನ್ನ ಗಣಿತ ಅಪ್ಪನಿಂದ ಬಂದದ್ದು ಅಂತ ಕ್ಯಾಥರಿನ್ ಹೇಳಿಕೊಳ್ಳುತ್ತಿದ್ದರು. ಅಮ್ಮ ಜಾಯ್ಲೆಟ್ ಟೀಚರ್ ಆಗಿದ್ದವರು. ನಾಲ್ಕು ಮಕ್ಕಳಲ್ಲಿ ಕ್ಯಾಥರಿನ್ ಕೊನೆಯವರು. ಹುಡುಗಿ ಸಿಕ್ಕಿದ್ದನ್ನೆಲ್ಲ ಎಣಿಸುತ್ತಿದ್ದಳು. ರಸ್ತೆವರೆಗಿನ ಹೆಜ್ಜೆ, ಚರ್ಚಿನ ಮೆಟ್ಟಿಲು, ತೊಳೆದ ತಟ್ಟೆ, ಚಮಚ.

ಆ ಕಾಲದಲ್ಲಿ ಆ ಜಿಲ್ಲೆಯಲ್ಲಿ ಕಪ್ಪು ಜನಾಂಗದ ಮಕ್ಕಳಿಗೆ ಎಂಟನೇ ಕ್ಲಾಸಿನ ಆಚೆ ಶಾಲೆಯೇ ಇರಲಿಲ್ಲ. ಬಿಳಿಯರಿಗೆ ಬೇರೆ ಶಾಲೆ, ಕಪ್ಪು ಜನರಿಗೆ ಬೇರೆ ಶಾಲೆ ಎಂಬ ಕಾನೂನಿನ ಕಾಲ. ಮಕ್ಕಳು ಎಂಟು ಮುಗಿಸಿದರೆ ಓದು ಮುಗಿಯಿತು. ಈ ಅಪ್ಪ ಅಮ್ಮ ಅದಕ್ಕೆ ಒಪ್ಪಲಿಲ್ಲ. ಸುಮಾರು 200 ಕಿಲೋಮೀಟರ್ ದೂರದಲ್ಲಿ ಇನ್‌ಸ್ಟಿಟ್ಯೂಟ್ ಎಂಬ ಊರು. ಅಲ್ಲಿ ಕಪ್ಪು ಜನರಿಗಾಗಿ ಇದ್ದ ವೆಸ್ಟ್ ವರ್ಜೀನಿಯಾ ಸ್ಟೇಟ್ ಕಾಲೇಜು, ಅದರ ಆವರಣದಲ್ಲೇ ಒಂದು ಹೈಸ್ಕೂಲು. ಶಾಲೆ ನಡೆಯುವ ತಿಂಗಳುಗಳಲ್ಲಿ ಅಮ್ಮ ನಾಲ್ಕೂ ಮಕ್ಕಳನ್ನು ಕಟ್ಟಿಕೊಂಡು ಅಲ್ಲಿ ಬಾಡಿಗೆ ಮನೆಯಲ್ಲಿ ಇರುವುದು. ಅಪ್ಪ ಊರಲ್ಲೇ ಉಳಿದು ದುಡಿದು ಹಣ ಕಳಿಸುವುದು. ರಜೆಗೆ ಎಲ್ಲರೂ ಊರಿಗೆ ಬರುವುದು. ವರ್ಷಗಟ್ಟಲೆ ಹೀಗೇ ನಡೆಯಿತು. ನಾಲ್ಕು ಮಕ್ಕಳೂ ಕಾಲೇಜು ಮುಗಿಸಿದರು. ಆರನೇ ಕ್ಲಾಸು ಓದಿದ ಅಪ್ಪನ ನಾಲ್ಕು ಮಕ್ಕಳು, 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ! ಚಂದ್ರಯಾನದ ಲೆಕ್ಕಕ್ಕಿಂತ ಈ ಲೆಕ್ಕ ಸುಲಭದ್ದು ಅಂತ ನಾನು ಒಪ್ಪುವುದಿಲ್ಲ.

ಅಪ್ಪ ಮಕ್ಕಳಿಗೆ ಒಂದು ಮಾತು ಹೇಳುತ್ತಿದ್ದರು. ಈ ಊರಲ್ಲಿ ನೀವು ಯಾರಿಗೂ ಕಮ್ಮಿಯಲ್ಲ, ಯಾರಿಗಿಂತಲೂ ಜಾಸ್ತಿಯೂ ಅಲ್ಲ. ಕ್ಯಾಥರಿನ್ ಮುದುಕಿಯಾದ ಮೇಲೂ ಸಂದರ್ಶನಗಳಲ್ಲಿ ಇದನ್ನೇ ಹೇಳುತ್ತಿದ್ದರು. ಜನ ಇದರ ಮೊದಲ ಅರ್ಧವನ್ನು ಮಾತ್ರ ಹಿಡಿದುಕೊಳ್ಳುತ್ತಾರೆ. ನನಗೆ ಎರಡನೇ ಅರ್ಧವೂ ಅಷ್ಟೇ ಮುಖ್ಯ. ಯಾಕೆ ಅಂತ ಮುಂದೆ ನಿಮಗೇ ಗೊತ್ತಾಗುತ್ತದೆ.

ಕ್ಯಾಥರಿನ್ ಹತ್ತನೇ ವಯಸ್ಸಿಗೆ ಹೈಸ್ಕೂಲಿಗೆ ಹೋದರು. ಹದಿನಾಲ್ಕಕ್ಕೆ ಮುಗಿಸಿದರು. ಹದಿನೆಂಟಕ್ಕೆ, 1937ರಲ್ಲಿ, ಗಣಿತ ಮತ್ತು ಫ್ರೆಂಚ್ ಎರಡರಲ್ಲೂ ಉನ್ನತ ದರ್ಜೆಯಲ್ಲಿ ಪದವಿ ಪಡೆದರು. ಆ ಕಾಲೇಜಿನಲ್ಲಿ ಒಬ್ಬ ಮೇಷ್ಟ್ರು ಸಿಕ್ಕಿದರು. ಅವರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಅವರನ್ನು ನೆನೆಯುವವರು ಕಮ್ಮಿ.

ಅವರ ಹೆಸರು ವಿಲಿಯಂ ಶೀಫಲಿನ್ ಕ್ಲೇಟರ್. ಗಣಿತದಲ್ಲಿ ಪಿಎಚ್‌ಡಿ ಪಡೆದ ಮೂರನೇ ಆಫ್ರಿಕನ್ ಅಮೆರಿಕನ್. 1933ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ. ವಿಷಯ ಟೋಪಾಲಜಿ, ಅಂದರೆ ಆಕಾರವನ್ನು ಹಿಗ್ಗಿಸಿದರೂ ಬಗ್ಗಿಸಿದರೂ ಬದಲಾಗದ ಗುಣಗಳ ಗಣಿತ. ಅವರ ಲೇಖನಗಳು ಗಣಿತದಲ್ಲಿ ಬಹಳ ದೊಡ್ಡ ಹೆಸರಿನ ಪತ್ರಿಕೆಯಲ್ಲಿ ಅಚ್ಚಾದವು. ಇಷ್ಟಿದ್ದರೂ ಸಂಶೋಧನೆಗೆ ತಕ್ಕ ಕೆಲಸ ಸಿಗಲಿಲ್ಲ. ಕಾರಣ ಮೈಬಣ್ಣ. ಗಣಿತಜ್ಞರ ಸಮ್ಮೇಳನಕ್ಕೆ ಹೋದರೆ ಉಳಿದವರು ಇಳಿದುಕೊಂಡ ಹೋಟೆಲಿನಲ್ಲಿ ಇವರಿಗೆ ಜಾಗವಿಲ್ಲ. ಅಂಥ ಮನುಷ್ಯ ಒಂದು ಸಣ್ಣ ಕಾಲೇಜಿನಲ್ಲಿ ಪಾಠ ಹೇಳುತ್ತಾ, ಎದುರಿಗೆ ಕೂತ ಹುಡುಗಿಯನ್ನು ನೋಡಿ, ನೀನು ಒಳ್ಳೆಯ ಸಂಶೋಧನಾ ಗಣಿತಜ್ಞೆ ಆಗುತ್ತೀಯ, ಅದಕ್ಕೆ ಬೇಕಾದ ತಯಾರಿ ನಾನು ಮಾಡಿಸುತ್ತೇನೆ ಎಂದರು. ಅಂಥ ಕೆಲಸ ಎಲ್ಲಿ ಸಿಗುತ್ತದೆ ಅಂತ ಆಕೆ ಕೇಳಿದಳು. ಅದನ್ನು ನೀನೇ ಹುಡುಕಿಕೊಳ್ಳಬೇಕು ಅಂತ ಉತ್ತರ. ಪ್ರಾಮಾಣಿಕ ಉತ್ತರ ಅಲ್ವಾ? ತನಗೇ ಸಿಗದ ಕೆಲಸವನ್ನು ಶಿಷ್ಯೆಗೆ ಕೊಡಿಸುತ್ತೇನೆ ಅಂತ ಅವರು ಹೇಗೆ ಹೇಳಿಯಾರು?

ಆದರೆ ಕೈಯಲ್ಲಿದ್ದದ್ದನ್ನು ಕೊಟ್ಟರು. ಆಕೆಗಾಗಿಯೇ ಒಂದು ಹೊಸ ಕೋರ್ಸ್ ಶುರು ಮಾಡಿದರು: ಮೂರು ಆಯಾಮದ ವಿಶ್ಲೇಷಣಾತ್ಮಕ ಜ್ಯಾಮಿತಿ. ಸಮತಲ, ಗೋಳ, ದೀರ್ಘವೃತ್ತ ಇವನ್ನೆಲ್ಲ ಸಮೀಕರಣದಲ್ಲಿ ಹಿಡಿಯುವುದು. ಎಷ್ಟೋ ಸಲ ಆ ಕ್ಲಾಸಿನಲ್ಲಿ ಕೂತದ್ದು ಕ್ಯಾಥರಿನ್ ಒಬ್ಬರೇ. ಉಪಗ್ರಹದ ಕಕ್ಷೆ ಎಂದರೆ ಏನು? ಗೋಳದ ಸುತ್ತ ಒಂದು ಸಮತಲದಲ್ಲಿ ಬರೆದ ದೀರ್ಘವೃತ್ತ. 1930ರ ದಶಕದಲ್ಲಿ ಆ ಖಾಲಿ ಕ್ಲಾಸಿನಲ್ಲಿ ಹೇಳಿದ ಪಾಠ ಇಪ್ಪತ್ತು ವರ್ಷ ಬಿಟ್ಟು ನೇರವಾಗಿ ಕೆಲಸಕ್ಕೆ ಬಂತು.

ಪದವಿ ಮುಗಿದ ಮೇಲೆ ಕ್ಯಾಥರಿನ್ ವರ್ಜೀನಿಯಾದ ಮೇರಿಯನ್ ಎಂಬ ಊರಲ್ಲಿ ಶಾಲಾ ಟೀಚರ್ ಆದರು. 1939ರಲ್ಲಿ ಜೇಮ್ಸ್ ಗೋಬಲ್ ಅವರನ್ನು ಮದುವೆಯಾದರು. ಅದೇ ಸುಮಾರಿಗೆ ಇನ್ನೊಂದು ಬಾಗಿಲು ತೆರೆಯಿತು. 1938ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮಿಸ್ಸೂರಿಯ ಒಂದು ಕೇಸಿನಲ್ಲಿ ತೀರ್ಪು ಕೊಟ್ಟಿತ್ತು. ಬಿಳಿಯ ವಿದ್ಯಾರ್ಥಿಗಳಿಗೆ ರಾಜ್ಯದೊಳಗೆ ಒಂದು ಉನ್ನತ ಶಿಕ್ಷಣ ಇದ್ದರೆ ಕಪ್ಪು ವಿದ್ಯಾರ್ಥಿಗಳಿಗೂ ಅದೇ ರಾಜ್ಯದಲ್ಲಿ ಅದು ಇರಲೇಬೇಕು ಅಂತ. ವೆಸ್ಟ್ ವರ್ಜೀನಿಯಾ ಗಲಾಟೆ ಮಾಡದೆ ತನ್ನ ವಿಶ್ವವಿದ್ಯಾಲಯಕ್ಕೆ ಮೂವರು ಕಪ್ಪು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಒಪ್ಪಿತು. ಇಬ್ಬರು ಗಂಡಸರು, ಒಬ್ಬರು ಕ್ಯಾಥರಿನ್. ಆರಿಸಿದ್ದು ಅವರು ಓದಿದ ಕಾಲೇಜಿನ ಅಧ್ಯಕ್ಷ ಜಾನ್ ಡಬ್ಲ್ಯೂ. ಡೇವಿಸ್. ಕ್ಯಾಥರಿನ್ ಟೀಚರ್ ಕೆಲಸ ಬಿಟ್ಟು ಗಣಿತದ ಸ್ನಾತಕೋತ್ತರ ತರಗತಿಗೆ ಸೇರಿದರು. ಮೊದಲ ಅವಧಿ ಮುಗಿಯುತ್ತಿದ್ದ ಹಾಗೇ ಬಿಟ್ಟು ಬಂದರು. ಸಂಸಾರ ಶುರುವಾಗಿತ್ತು.

ಇಲ್ಲಿ ನಾವು ತಡೆದು ನಿಲ್ಲಬೇಕು. ಇದನ್ನು ತ್ಯಾಗ ಅಂತ ಹೊಗಳುವವರಿದ್ದಾರೆ. ನಷ್ಟ ಅಂತ ಮರುಗುವವರಿದ್ದಾರೆ. ಅವತ್ತಿನ ಕಾಲದಲ್ಲಿ ಎಷ್ಟು ದಾರಿ ಇತ್ತು, ಎಷ್ಟು ಇರಲಿಲ್ಲ ಎನ್ನುವುದನ್ನು ಮರೆಯಬಾರದು, ನಿಜ. ಮಕ್ಕಳಾದ ಮೇಲೂ ಓದಲು ಅನುಕೂಲ ಇದ್ದಿದ್ದರೆ ಚೆನ್ನಾಗಿತ್ತು ಅಂತ ನಾನೂ ಹೇಳುತ್ತೇನೆ. ಆದರೆ ಅವರು ನಂತರ ಎಲ್ಲೂ ಇದನ್ನು ಕೊರಗಾಗಿ ಹೇಳಿಕೊಂಡವರಲ್ಲ. ಮೂವರು ಹೆಣ್ಣುಮಕ್ಕಳಾದರು. ಅವರು ಸ್ವಲ್ಪ ದೊಡ್ಡವರಾದ ಮೇಲೆ ಮತ್ತೆ ಶಾಲೆಗೆ ಹೋಗಿ ಪಾಠ ಹೇಳಿದರು. ಸುಮಾರು ಹನ್ನೆರಡು ವರ್ಷ ಹೀಗೆ ಕಳೆಯಿತು. ಅವರ ಜೀವನ ಚರಿತ್ರೆಯಲ್ಲಿ ಈ ಹನ್ನೆರಡು ವರ್ಷಕ್ಕೆ ಸಾಮಾನ್ಯವಾಗಿ ಸಿಗುವುದು ಒಂದು ಸಾಲು. ಮೂರು ಮಕ್ಕಳನ್ನು ಬೆಳೆಸಿದ, ಊರಿನ ಮಕ್ಕಳಿಗೆ ಗಣಿತ ಕಲಿಸಿದ ಹನ್ನೆರಡು ವರ್ಷ. ನನ್ನ ಮಟ್ಟಿಗೆ ಅದು ಖಾಲಿ ಜಾಗವಲ್ಲ.

ಮುಂದಿನ ಮೆಟ್ಟಿಲು ಎಲ್ಲಿಂದ ಬಂತು ನೋಡಿ. ಪತ್ರಿಕೆಯ ಜಾಹೀರಾತಿನಿಂದ ಅಲ್ಲ. 1952ರಲ್ಲಿ ನೆಂಟರ ಮನೆಯ ಮದುವೆಯಲ್ಲಿ ಒಬ್ಬ ಬಂಧು ಹೇಳಿದರು, ವರ್ಜೀನಿಯಾದ ಹ್ಯಾಂಪ್ಟನ್ನಿನ ಲ್ಯಾಂಗ್ಲಿ ವಿಮಾನ ಸಂಶೋಧನಾ ಪ್ರಯೋಗಾಲಯದಲ್ಲಿ ಗಣಿತ ಬಲ್ಲ ಕಪ್ಪು ಹೆಂಗಸರನ್ನು ತೆಗೆದುಕೊಳ್ಳುತ್ತಿದ್ದಾರೆ ಅಂತ. ಗಂಡ ಹೆಂಡತಿ ಕೂತು ಮಾತಾಡಿ, ಮಕ್ಕಳನ್ನು ಕರೆದುಕೊಂಡು, ಸಂಸಾರ ಸಮೇತ ನ್ಯೂಪೋರ್ಟ್ ನ್ಯೂಸ್ ಎಂಬ ಊರಿಗೆ ಹೊರಟರು. ಅಪ್ಪ ಅಮ್ಮ ಮಕ್ಕಳ ಓದಿಗಾಗಿ ಮನೆ ಕಿತ್ತು ಹೊರಟಿದ್ದರಲ್ಲ, ಹಾಗೇ. ಈ ಸಲ ಹೊರಟದ್ದು ತಾಯಿಯ ಗಣಿತಕ್ಕಾಗಿ. 1953ರ ಬೇಸಿಗೆಯಲ್ಲಿ ಕೆಲಸ ಸಿಕ್ಕಿತು. ಆಗ ಅವರಿಗೆ 34 ವರ್ಷ. ಈ ಪ್ರಯೋಗಾಲಯವೇ ಮುಂದೆ ನಾಸಾದ ಭಾಗವಾಯಿತು.

ಲ್ಯಾಂಗ್ಲಿಯಲ್ಲಿ ಎಂಜಿನಿಯರುಗಳಿಗೆ ಬೇಕಾದ ಲೆಕ್ಕಗಳನ್ನು ಮಾಡಿಕೊಡಲು 1935ರಿಂದಲೂ ಹೆಂಗಸರ ತಂಡ ಇತ್ತು. 1943ರಲ್ಲಿ, ಯುದ್ಧದ ಕಾಲದಲ್ಲಿ, ಕಪ್ಪು ಹೆಂಗಸರನ್ನೂ ತೆಗೆದುಕೊಂಡರು. ಆದರೆ ಬೇರೆ ಕೋಣೆ, ಬೇರೆ ಶೌಚಾಲಯ, ಕ್ಯಾಂಟೀನಿನಲ್ಲಿ ಬೇರೆ ಮೇಜು. ಆ ಮೇಜಿನ ಮೇಲೆ ಇಟ್ಟಿದ್ದ ಫಲಕವನ್ನು ಮಿರಿಯಂ ಮಾನ್ ಎಂಬ ಹೆಂಗಸು ಎತ್ತಿ ಕೈಚೀಲಕ್ಕೆ ಹಾಕಿಕೊಂಡರು. ಮೇಲಿನವರು ಮತ್ತೆ ಇಟ್ಟರು. ಮಿರಿಯಂ ಮತ್ತೆ ತೆಗೆದರು. ಕೊನೆಗೆ ಮೇಲಿನವರು ಇಡುವುದನ್ನೇ ಬಿಟ್ಟರು. ಇದು ಕ್ಯಾಥರಿನ್ ಸೇರುವುದಕ್ಕೆ ಸುಮಾರು ಹತ್ತು ವರ್ಷ ಮುಂಚಿನ ಮಾತು. ಅವರು ಬರುವ ಹೊತ್ತಿಗೆ ಆ ತಂಡದ ಮುಖ್ಯಸ್ಥೆ ಡೊರೊತಿ ವಾನ್. ತಮ್ಮ ತಂಡದ ಹೆಂಗಸರನ್ನು ಬೇರೆ ಬೇರೆ ವಿಭಾಗಕ್ಕೆ ಕಳಿಸಿ, ಅವರ ಪರವಾಗಿ ನಿಂತು, ಸಂಬಳ ಬಡ್ತಿಗೆ ವಾದಿಸಿದವರು. ಕ್ಯಾಥರಿನ್ ಬಂದು ಎರಡು ವಾರಕ್ಕೇ ಅವರನ್ನು ಹಾರಾಟ ಸಂಶೋಧನಾ ವಿಭಾಗಕ್ಕೆ ಕಳಿಸಿದವರೂ ಇವರೇ. ಕ್ಯಾಥರಿನ್ ಅಲ್ಲೇ ಉಳಿದುಬಿಟ್ಟರು.

ಅಲ್ಲಿ ಮೊದಮೊದಲು ಸಿಕ್ಕ ಕೆಲಸಗಳಲ್ಲಿ ಒಂದು, ಸಣ್ಣ ಪ್ರೊಪೆಲರ್ ವಿಮಾನವೊಂದು ಕಾರಣವಿಲ್ಲದೆ ಆಕಾಶದಿಂದ ಬಿದ್ದದ್ದು. ವಿಮಾನದಲ್ಲಿದ್ದ ಯಂತ್ರ ದಾಖಲಿಸಿದ ಗೆರೆಗಳನ್ನು ಅಳೆದು, ಅಂಕಿಗಳಾಗಿ ಬರೆದು, ಕೂಡಿಸಿ ಕಳೆದು ನೋಡುವ ಕಣ್ಣು ಬಾಡಿಸುವ ಕೆಲಸ. ಕೊನೆಗೆ ತಿಳಿದದ್ದೇನೆಂದರೆ, ಆ ದಾರಿಯಲ್ಲಿ ಮುಂಚೆಯೇ ಒಂದು ದೊಡ್ಡ ವಿಮಾನ ಹಾದುಹೋಗಿತ್ತು. ಅದರ ರೆಕ್ಕೆಯ ತುದಿಯಿಂದ ಎದ್ದ ಗಾಳಿಯ ಸುಳಿ, ವಿಮಾನ ಹೋಗಿ ಬಹಳ ಹೊತ್ತಾದರೂ ಅಲ್ಲೇ ಸುತ್ತುತ್ತಿತ್ತು. ಕಣ್ಣಿಗೆ ಕಾಣದ ಆ ಸುಳಿಗೆ ಸಣ್ಣ ವಿಮಾನ ಸಿಕ್ಕಿತ್ತು. ಇವತ್ತು ವಿಮಾನ ನಿಲ್ದಾಣಗಳಲ್ಲಿ ಒಂದು ವಿಮಾನದ ಹಿಂದೆ ಇನ್ನೊಂದನ್ನು ಇಷ್ಟು ಅಂತರ ಬಿಟ್ಟೇ ಬಿಡುವುದು ಈ ಸುಳಿಗಳ ಭಯಕ್ಕೇ.

1956ರ ಡಿಸೆಂಬರಿನಲ್ಲಿ ಗಂಡ ಜೇಮ್ಸ್ ಗೋಬಲ್ ಮೆದುಳಿನ ಗಡ್ಡೆಯಿಂದ ತೀರಿಕೊಂಡರು. ಮೂವರು ಹೆಣ್ಣುಮಕ್ಕಳೂ ಹದಿಹರೆಯದ ಆಸುಪಾಸು. ರಜೆ ಮುಗಿದು ಶಾಲೆ ತೆರೆದಾಗ ಕ್ಯಾಥರಿನ್ ಹೆಡ್‌ಮಾಸ್ಟರ ಹತ್ತಿರ ಹೋಗಿ ಕೇಳಿಕೊಂಡದ್ದು ಒಂದೇ. ಅಪ್ಪ ಹೋದ ಮಕ್ಕಳು ಅಂತ ವಿಶೇಷ ರಿಯಾಯಿತಿ ತೋರಿಸಬೇಡಿ, ಇವರು ಕಾಲೇಜಿಗೆ ಹೋಗಬೇಕಾದವರು, ತಯಾರಾಗಬೇಕು ಅಂತ. ಮನೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೊಸ ಕಟ್ಟಳೆ ಹೇಳಿದರು. ಬೆಳಿಗ್ಗೆ ನನ್ನ ಬಟ್ಟೆ ಇಸ್ತ್ರಿಯಾಗಿ ಸಿದ್ಧವಿರಬೇಕು, ಸಂಜೆ ಬರುವಷ್ಟರಲ್ಲಿ ಅಡುಗೆ ಆಗಿರಬೇಕು. ಕೇಳಲು ಗಟ್ಟಿ ಅನ್ನಿಸಬಹುದು. ನನಗೆ ಮಾತ್ರ ಇದರಲ್ಲಿ ಆ ಹೆಂಗಸಿನ ಇಡೀ ಸ್ವಭಾವ ಕಾಣುತ್ತದೆ. ದುಃಖದ ಮನೆಯಲ್ಲಿ ನಾಲ್ಕು ಜನರಿಗೂ ಒಂದೊಂದು ಕೆಲಸ ಹಂಚಿದರು. ಗಂಡನ ಸಂಬಳವಿಲ್ಲ, ಇನ್ನು ತನ್ನ ಸಂಬಳದಲ್ಲೇ ಮನೆ ನಡೆಯಬೇಕು, ಅದಕ್ಕೆ ಎಲ್ಲರೂ ಕೈ ಹಾಕಬೇಕು. ಮಕ್ಕಳು ಕೈ ಹಾಕಿದರು. 1959ರಲ್ಲಿ ಕ್ಯಾಥರಿನ್, ಸೇನೆಯಲ್ಲಿದ್ದ ಜೇಮ್ಸ್ ಜಾನ್ಸನ್ ಅವರನ್ನು ಮದುವೆಯಾದರು. ಆ ಸಂಸಾರ ಅರುವತ್ತು ವರ್ಷದ ಹತ್ತಿರ ನಡೆಯಿತು.

ಈ ಎರಡು ಮದುವೆಗಳ ನಡುವೆ, 1957ರ ಅಕ್ಟೋಬರ್ 4ರಂದು, ಸೋವಿಯತ್ ಒಕ್ಕೂಟ ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್ ಹಾರಿಸಿತು. ಲ್ಯಾಂಗ್ಲಿಯ ಎಂಜಿನಿಯರುಗಳು ವಿಮಾನದವರು, ಬಾಹ್ಯಾಕಾಶದವರಲ್ಲ. ಅವರೆಲ್ಲ ಕೂತು ತಮ್ಮತಮ್ಮಲ್ಲೇ ಪಾಠ ಮಾಡಿಕೊಂಡರು. ಅದರ ಟಿಪ್ಪಣಿಗಳು 1958ರಲ್ಲಿ ಒಟ್ಟಾದವು. ಅದಕ್ಕೆ ಬೇಕಾದ ಗಣಿತದಲ್ಲಿ ಕ್ಯಾಥರಿನ್ ಅವರ ಪಾಲಿತ್ತು. ಆದರೆ ಸಂಶೋಧನಾ ವರದಿಗಳನ್ನು ಚರ್ಚಿಸುವ ಸಭೆಗೆ ಹೆಂಗಸರು ಹೋಗುವ ರೂಢಿ ಇರಲಿಲ್ಲ. ನಾನೂ ಬರಬಹುದಾ ಅಂತ ಕೇಳಿದರು. ಹೆಂಗಸರು ಬರುವುದಿಲ್ಲ ಎಂದರು. ಹಾಗಂತ ಕಾನೂನು ಇದೆಯಾ ಅಂತ ಕೇಳಿದರು. ಕಾನೂನು ಇರಲಿಲ್ಲ. ಮತ್ತೆ ಮತ್ತೆ ಕೇಳಿದರು. ಕೊನೆಗೆ ಅವರನ್ನು ಒಳಗೆ ಬಿಟ್ಟರು. ಜಗಳವಿಲ್ಲ, ಭಾಷಣವಿಲ್ಲ. ಯಾರಿಗೂ ಕಮ್ಮಿಯಲ್ಲ ಅಂತ ಅಪ್ಪ ಹೇಳಿದ್ದು ಇಲ್ಲಿ ಕೆಲಸ ಮಾಡಿತು.

ಈಗ ಸ್ವಲ್ಪ ಗಣಿತ. ಹೆದರಬೇಡಿ, ಇದನ್ನು ಬಿಟ್ಟರೆ ಇವರನ್ನು ಅರ್ಧ ಮಾತ್ರ ನೆನೆದ ಹಾಗಾಗುತ್ತದೆ.

ಮನುಷ್ಯನನ್ನು ಕಕ್ಷೆಗೆ ಕಳಿಸುವುದಾದರೆ ಮುಖ್ಯ ಪ್ರಶ್ನೆ, ಅವನು ಎಲ್ಲಿ ಬೀಳುತ್ತಾನೆ? ಸಮುದ್ರದಲ್ಲಿ ಹಡಗುಗಳು ಕಾದಿರಬೇಕು. ಸಾಮಾನ್ಯವಾಗಿ ನಾವು ಇಂಥ ದಿಕ್ಕಿಗೆ ಹಾರಿಸಿದರೆ ಎಲ್ಲಿಗೆ ಹೋಗುತ್ತದೆ ಅಂತ ಕೇಳುತ್ತೇವೆ. ಕ್ಯಾಥರಿನ್ ಉಲ್ಟಾ ಕಡೆಯಿಂದ ಬಂದರು. ಎಲ್ಲಿ ಇಳಿಯಬೇಕು ಅಂತ ಹೇಳಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಯಾವ ದಿಕ್ಕಿಗೆ ಹಾರಿಸಬೇಕೋ ನಾನು ಹೇಳುತ್ತೇನೆ ಎಂದರು.

ಕಷ್ಟ ಎಲ್ಲಿದೆ? ಕಕ್ಷೆಯ ಸಮತಲ ಹೆಚ್ಚುಕಮ್ಮಿ ಒಂದೇ ಕಡೆ ನಿಂತಿರುತ್ತದೆ, ಕೆಳಗೆ ಭೂಮಿ ತಿರುಗುತ್ತಿರುತ್ತದೆ. ಗಂಟೆಗೆ 15 ಡಿಗ್ರಿ. ನೌಕೆ ಒಂದು ಸುತ್ತು ಬರಲು ಸುಮಾರು 88 ನಿಮಿಷ. ಅಷ್ಟರಲ್ಲಿ ಭೂಮಿ 22 ಡಿಗ್ರಿ ಪೂರ್ವಕ್ಕೆ ತಿರುಗಿರುತ್ತದೆ. ಅಂದರೆ ಎರಡನೇ ಸುತ್ತಿನಲ್ಲಿ ನೌಕೆ ಮೊದಲಿನ ಜಾಗದ ಮೇಲೆ ಹಾಯುವುದಿಲ್ಲ, 22 ಡಿಗ್ರಿ ಪಶ್ಚಿಮಕ್ಕೆ ಸರಿದು ಹಾಯುತ್ತದೆ. ಸಮಭಾಜಕದ ಮೇಲೆ ಅದು ಸುಮಾರು 2,450 ಕಿಲೋಮೀಟರ್. ಓಡುತ್ತಿರುವ ಮಗುವಿಗೆ ಚೆಂಡು ಎಸೆಯುವಾಗ ಅದು ಈಗ ಇರುವ ಕಡೆಗೆ ಅಲ್ಲ, ಇನ್ನು ಸ್ವಲ್ಪ ಹೊತ್ತಿಗೆ ತಲುಪುವ ಕಡೆಗೆ ಎಸೆಯುತ್ತೇವಲ್ಲ, ಹಾಗೆ. ಆದರೆ ತಲುಪಲು ಎಷ್ಟು ಹೊತ್ತು ಬೇಕು ಎನ್ನುವುದು ನೀವು ಆರಿಸಿದ ದಿಕ್ಕಿನ ಮೇಲೆ ನಿಂತಿದೆ. ದಿಕ್ಕು ಆರಿಸಬೇಕಾದರೆ ಹೊತ್ತು ಗೊತ್ತಿರಬೇಕು. ಒಂದಕ್ಕೊಂದು ಕಟ್ಟಿಕೊಂಡಿವೆ. ಆಗ ಮಾಡುವುದೇನು? ಹೊತ್ತನ್ನು ಅಂದಾಜಿಗೆ ಇಟ್ಟುಕೊಂಡು ದಿಕ್ಕು ಕಂಡುಹಿಡಿಯುವುದು. ಆ ದಿಕ್ಕಿನಿಂದ ಹೊತ್ತನ್ನು ತಿದ್ದುವುದು. ತಿದ್ದಿದ ಹೊತ್ತಿನಿಂದ ದಿಕ್ಕನ್ನು ಮತ್ತೆ ತಿದ್ದುವುದು. ಉತ್ತರ ಅಲುಗಾಡದೆ ನಿಲ್ಲುವವರೆಗೆ.

ಇದರ ಮೇಲೆ ಇನ್ನೊಂದು ತೊಡಕು. ಭೂಮಿ ಸರಿಯಾದ ಗೋಳವಲ್ಲ. ಸಮಭಾಜಕದಲ್ಲಿ ಉಬ್ಬಿದೆ. ಅಲ್ಲಿನ ತ್ರಿಜ್ಯ ಧ್ರುವದ ಕಡೆಗಿಂತ ಸುಮಾರು 21 ಕಿಲೋಮೀಟರ್ ಜಾಸ್ತಿ. ಆ ಉಬ್ಬು ಕಕ್ಷೆಯ ಸಮತಲವನ್ನೇ ನಿಧಾನವಾಗಿ ತಿರುಗಿಸುತ್ತದೆ. ಅದನ್ನೂ ಲೆಕ್ಕಕ್ಕೆ ಸೇರಿಸಬೇಕು. ನೌಕೆಯ ವೇಗ ಸೆಕೆಂಡಿಗೆ ಸುಮಾರು 7.8 ಕಿಲೋಮೀಟರ್. ಹೊತ್ತಿನಲ್ಲಿ ಒಂದೇ ಸೆಕೆಂಡು ತಪ್ಪಿದರೂ ಸುಮಾರು 8 ಕಿಲೋಮೀಟರ್ ಆಚೀಚೆ.

ಇದನ್ನೆಲ್ಲ ಸಮೀಕರಣಗಳಲ್ಲಿ ಕಟ್ಟಿಕೊಟ್ಟ ವರದಿ 1960ರಲ್ಲಿ ಹೊರಬಂತು. ಟೆಡ್ ಸ್ಕೋಪಿನ್ಸ್ಕಿ ಎಂಬ ಎಂಜಿನಿಯರ್ ಜೊತೆ ಕ್ಯಾಥರಿನ್ ಬರೆದದ್ದು. ಸ್ಕೋಪಿನ್ಸ್ಕಿ ಬೇರೆ ಕಡೆ ಹೊರಡಬೇಕಾಗಿತ್ತು. ಹೆಚ್ಚಿನ ಕೆಲಸ ಮಾಡಿದವರು ಕ್ಯಾಥರಿನ್, ಅವರೇ ಮುಗಿಸಲಿ ಅಂತ ಮೇಲಧಿಕಾರಿಗೆ ಹೇಳಿದರು. ಅವರು ಮುಗಿಸಿದರು. ಆ ವಿಭಾಗದಲ್ಲಿ ಒಬ್ಬ ಹೆಂಗಸಿನ ಹೆಸರು ಸಂಶೋಧನಾ ವರದಿಯ ಲೇಖಕರ ಜಾಗದಲ್ಲಿ ಅಚ್ಚಾದದ್ದು ಅದೇ ಮೊದಲು. 1986ರಲ್ಲಿ ನಿವೃತ್ತಿಯಾಗುವ ಹೊತ್ತಿಗೆ ಇಂಥ ವರದಿಗಳು 26 ಆಗಿದ್ದವು.

ಈಗ ಗ್ಲೆನ್ ಕಥೆ. 1961ರ ಮೇ 5ರಂದು ಗಗನಯಾತ್ರಿ ಅಲನ್ ಶೆಪರ್ಡ್ ಹದಿನೈದು ನಿಮಿಷದ ಹಾರಾಟ ಮಾಡಿ ಬಂದಿದ್ದರು. ಮೇಲೆ ಹೋಗಿ ಕೆಳಗೆ ಬಂದದ್ದು ಅಷ್ಟೇ, ಸುತ್ತಲಿಲ್ಲ. ಆ ಪಥದ ವಿಶ್ಲೇಷಣೆಯೂ ಕ್ಯಾಥರಿನ್ ಅವರದ್ದೇ. ಗ್ಲೆನ್ ಭೂಮಿಯನ್ನು ಮೂರು ಸುತ್ತು ಬರಬೇಕು. ಈ ಸಲ ಪಥವನ್ನು ನೋಡಿಕೊಳ್ಳುವುದು ಐಬಿಎಂ ಕಂಪ್ಯೂಟರುಗಳು, ಭೂಮಿಯ ಸುತ್ತ ಹಬ್ಬಿದ ನಿಗಾ ಕೇಂದ್ರಗಳಿಂದ ಬರುವ ಅಂಕಿಗಳನ್ನು ಅರಗಿಸಿಕೊಂಡು. ಆಗಿನ ಯಂತ್ರಗಳು ಆಗಾಗ ಕೈಕೊಡುತ್ತಿದ್ದವು. ಗ್ಲೆನ್ ಹೇಳಿದರು, ಆ ಹುಡುಗಿಗೆ ಅಂಕಿಗಳನ್ನು ನೋಡಲು ಹೇಳಿ, ಆಕೆ ಸರಿ ಎಂದರೆ ನಾನು ಹೊರಡಲು ತಯಾರು. ಆ ಹುಡುಗಿಗೆ ಆಗ 43 ವರ್ಷ.

ಕ್ಯಾಥರಿನ್ ಮಾಡಿದ್ದೇನು? ಕಂಪ್ಯೂಟರಿಗೆ ಕೊಟ್ಟ ಅದೇ ಸಮೀಕರಣ, ಅದೇ ಅಂಕಿಗಳನ್ನು ತೆಗೆದುಕೊಂಡು, ಮೇಜಿನ ಮೇಲಿನ ಯಾಂತ್ರಿಕ ಕ್ಯಾಲ್ಕುಲೇಟರಿನಲ್ಲಿ ಮೊದಲಿಂದ ಕೊನೆಯವರೆಗೆ ಕೈಯಾರೆ ಮಾಡಿದರು. ಒಂದೂವರೆ ದಿನ ಹಿಡಿಯಿತು. ಕಾಗದದ ತುಂಬ ಅಂಕಣಗಳು, ಒಂದೊಂದು ಉತ್ತರವೂ ಉದ್ದುದ್ದ ದಶಮಾಂಶ. ಎರಡೂ ತಾಳೆಯಾದವು. 1962ರ ಫೆಬ್ರವರಿ 20ರಂದು ಗ್ಲೆನ್ ಹಾರಿದರು. 4 ಗಂಟೆ 55 ನಿಮಿಷದಲ್ಲಿ ಮೂರು ಸುತ್ತು ಮುಗಿಸಿ ಅಟ್ಲಾಂಟಿಕ್‌ನಲ್ಲಿ ಇಳಿದರು.

ಒಂದು ವಿವರವನ್ನು ಹೇಳಲೇಬೇಕು. ನೌಕೆ ಇಳಿದದ್ದು ಗೊತ್ತುಮಾಡಿದ ಜಾಗಕ್ಕಿಂತ ಸುಮಾರು 64 ಕಿಲೋಮೀಟರ್ ಹಿಂದೆ. ಹಾರುವಾಗ ಇಂಧನ ಮೊದಲಾದವು ಖರ್ಚಾಗಿ ನೌಕೆ ಹಗುರಾಗಿತ್ತು. ಇಳಿಸುವ ಲೆಕ್ಕದಲ್ಲಿ ಆ ಕಮ್ಮಿಯಾದ ತೂಕವನ್ನು ಹಿಡಿದಿರಲಿಲ್ಲ. ಕಾದಿದ್ದ ಹಡಗು ಹತ್ತಿರದಲ್ಲೇ ಇತ್ತು, ತೊಂದರೆಯಾಗಲಿಲ್ಲ. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ದೊಡ್ಡವರನ್ನು ನೆನೆಯುವಾಗ ನಾವು ಎಲ್ಲವನ್ನೂ ಒಬ್ಬರ ತಲೆಗೆ ಕಟ್ಟುತ್ತೇವೆ. ಒಬ್ಬಳೇ ಹೆಂಗಸು ಮನುಷ್ಯನನ್ನು ಚಂದ್ರನ ಮೇಲೆ ಇಳಿಸಿದಳು ಅಂತ ಬರೆದುಬಿಡುತ್ತೇವೆ. ಕ್ಯಾಥರಿನ್ ಹಾಗೆ ಎಂದೂ ಹೇಳಿಕೊಳ್ಳಲಿಲ್ಲ. ಇದು ತಂಡದ ಕೆಲಸ ಅಂತ ಕೇಳಿದವರಿಗೆಲ್ಲ ತಿದ್ದಿ ಹೇಳುತ್ತಿದ್ದರು. ಯಾರಿಗಿಂತಲೂ ಜಾಸ್ತಿಯಲ್ಲ ಎಂಬ ಅಪ್ಪನ ಮಾತಿನ ಎರಡನೇ ಅರ್ಧ ಇದೇ. ಬರೀ ವಿನಯ ಅಂತ ಇದನ್ನು ತಳ್ಳಿಹಾಕಬೇಡಿ. ಲೆಕ್ಕವನ್ನು ಇನ್ನೊಬ್ಬರು ಪರೀಕ್ಷಿಸಲೇಬೇಕು ಅಂತ ನಂಬಿದವರಿಗೆ ಮಾತ್ರ ಹೀಗೆ ಹೇಳಲು ಆಗುತ್ತದೆ.

ಚಂದ್ರನಿಗೆ ಮನುಷ್ಯರನ್ನು ಕಳಿಸಿದ ಅಪೊಲೊ ಯೋಜನೆ ಬಗ್ಗೆ ಎರಡು ಮಾತು. ಚಂದ್ರನ ಮೇಲೆ ಇಳಿದ ಸಣ್ಣ ನೌಕೆ ಮತ್ತೆ ಮೇಲೆದ್ದು, ಚಂದ್ರನನ್ನು ಸುತ್ತುತ್ತಿರುವ ಮುಖ್ಯ ನೌಕೆಯನ್ನು ಸೇರಬೇಕು. ಹೊತ್ತು ತಪ್ಪಿದರೆ ಸಿಗುವುದಿಲ್ಲ. ಆ ಜೋಡಣೆಯ ಲೆಕ್ಕದಲ್ಲಿ ಕ್ಯಾಥರಿನ್ ದುಡಿದರು. ತಮ್ಮ ಕೆಲಸಗಳಲ್ಲೆಲ್ಲ ದೊಡ್ಡದು ಯಾವುದು ಅಂತ ಕೇಳಿದರೆ ಅವರು ಹೇಳುತ್ತಿದ್ದದ್ದು ಇದನ್ನೇ.

ಹಾಗಾದರೆ 1969ರ ಜುಲೈ 20ರಂದು, ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟಾಗ, ಕ್ಯಾಥರಿನ್ ಎಲ್ಲಿದ್ದರು? ನಿಯಂತ್ರಣ ಕೊಠಡಿಯಲ್ಲಿ ಇರಲಿಲ್ಲ. ಲ್ಯಾಂಗ್ಲಿಯಲ್ಲೂ ಇರಲಿಲ್ಲ. ಪೆನ್ಸಿಲ್ವೇನಿಯಾದ ಪೊಕೊನೊ ಬೆಟ್ಟಗಳಲ್ಲಿ ಕಪ್ಪು ಜನರೇ ನಡೆಸುತ್ತಿದ್ದ ಒಂದು ಹೋಟೆಲಿನಲ್ಲಿ, ತಮ್ಮ ಮಹಿಳಾ ಸಂಘದ ಸಭೆಯಲ್ಲಿದ್ದರು. ಆಲ್ಫಾ ಕಪ್ಪಾ ಆಲ್ಫಾ ಅಂತ ಆ ಸಂಘದ ಹೆಸರು. ಕಾಲೇಜು ಓದಿದ ಕಪ್ಪು ಹೆಂಗಸರು 1908ರಲ್ಲಿ ಕಟ್ಟಿಕೊಂಡದ್ದು. ಕ್ಯಾಥರಿನ್ ಕಾಲೇಜು ದಿನಗಳಿಂದಲೂ ಅದರಲ್ಲಿದ್ದರು. ಅಲ್ಲಿ ಗೆಳತಿಯರ ಜೊತೆ ಒತ್ತಿಕೊಂಡು ಕೂತು ಟಿವಿಯಲ್ಲಿ ಚಂದ್ರನನ್ನು ನೋಡಿದರು. ಇವರ ಜೀವನದಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಇದು. ಆ ವಾರ ಸಂಘದ ಸಭೆ ಇತ್ತು, ಅದಕ್ಕೆ ಅಲ್ಲಿಗೆ ಹೋಗಿದ್ದರು. ತಮ್ಮ ಲೆಕ್ಕ ಸೇರಿದ್ದ ಯಾನ ಅದೇ ವಾರ ನಡೆಯುತ್ತಿದೆ ಅಂತ ಸಭೆ ತಪ್ಪಿಸಲಿಲ್ಲ.

ಚರ್ಚೂ ಹಾಗೆಯೇ. ನ್ಯೂಪೋರ್ಟ್ ನ್ಯೂಸ್‌ನ ಕಾರ್ವರ್ ಮೆಮೋರಿಯಲ್ ಪ್ರೆಸ್ಬಿಟೇರಿಯನ್ ಚರ್ಚಿನ ಗಾಯನ ತಂಡದಲ್ಲಿ ಐವತ್ತು ವರ್ಷ ಹಾಡಿದರು. ಐವತ್ತು ವರ್ಷ ಅಂದರೆ ನಾಸಾದ ಮೂವತ್ತಮೂರು ವರ್ಷದ ಕೆಲಸಕ್ಕಿಂತ ಜಾಸ್ತಿ. ಗಾಯನ ತಂಡದಲ್ಲಿ ಒಬ್ಬರ ದನಿ ಮೇಲೆ ಏಳುವ ಹಾಗಿಲ್ಲ, ಅಭ್ಯಾಸಕ್ಕೆ ತಪ್ಪುವ ಹಾಗೂ ಇಲ್ಲ. ಬ್ರಿಜ್ ಆಟ ಇಷ್ಟ, ಪಿಯಾನೋ ಇಷ್ಟ. ನಿವೃತ್ತಿಯ ನಂತರ ಶಾಲೆಗಳಿಗೆ ಹೋಗಿ ಮಕ್ಕಳ ಜೊತೆ ಗಣಿತದ ಬಗ್ಗೆ ಮಾತಾಡುವುದು ಕೊನೆಯವರೆಗೂ ಇಷ್ಟದ ಕೆಲಸವಾಗಿತ್ತು.

ಗೌರವಗಳು ಬಹಳ ತಡವಾಗಿ ಬಂದವು. 2015ರ ನವೆಂಬರಿನಲ್ಲಿ, 97ನೇ ವಯಸ್ಸಿನಲ್ಲಿ, ಅಧ್ಯಕ್ಷ ಒಬಾಮಾ ಕೈಯಿಂದ ಅಮೆರಿಕದ ಅತ್ಯುನ್ನತ ನಾಗರಿಕ ಪದಕ. 2017ರಲ್ಲಿ ಲ್ಯಾಂಗ್ಲಿಯ ಗಣಕ ಸಂಶೋಧನಾ ಕಟ್ಟಡಕ್ಕೆ ಅವರ ಹೆಸರು. ಕೈಯಲ್ಲಿ ಲೆಕ್ಕ ಮಾಡಿದವರ ಹೆಸರು ಕಂಪ್ಯೂಟರುಗಳ ಮನೆಗೆ! 2019ರಲ್ಲಿ ಅಮೆರಿಕದ ಸಂಸತ್ತು ಚಿನ್ನದ ಪದಕ ಕೊಡುವಾಗ ಅವರ ಜೊತೆ ಡೊರೊತಿ ವಾನ್ ಮತ್ತು ಲ್ಯಾಂಗ್ಲಿಯ ಎಂಜಿನಿಯರುಗಳಾದ ಮೇರಿ ಜಾಕ್ಸನ್, ಕ್ರಿಸ್ಟಿನ್ ಡಾರ್ಡನ್ ಅವರನ್ನೂ ಸೇರಿಸಿತು. ಇನ್ನೊಂದು ಪದಕವನ್ನು ಲೆಕ್ಕ ಮಾಡಿದ, ಎಂಜಿನಿಯರುಗಳಾಗಿ ದುಡಿದ ಉಳಿದ ಎಲ್ಲ ಹೆಂಗಸರ ಹೆಸರಿನಲ್ಲಿ ಕೊಟ್ಟಿತು. ಈ ಕೊನೆಯದ್ದು ನನಗೆ ಬಹಳ ಸರಿಯಾಗಿ ಕಂಡಿತು. ಆ ಹೆಂಗಸರಲ್ಲಿ ಎಷ್ಟೋ ಜನರ ಹೆಸರು ಯಾವ ವರದಿಯ ಮೇಲೂ ಅಚ್ಚಾಗಲಿಲ್ಲ. ಅವರ ಸಹಿ ಇಲ್ಲದ ಅಂಕಣಗಳು ಇನ್ನೊಬ್ಬರ ಹೆಸರಿನ ವರದಿಗಳ ಒಳಗೆ ಇವೆ.

ಇಲ್ಲಿ ಕೂತಿರುವ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟು ಮುಗಿಸುತ್ತೇನೆ. ನೌಕೆ ಒಂದು ಸುತ್ತಿಗೆ 88.5 ನಿಮಿಷ ತೆಗೆದುಕೊಳ್ಳುತ್ತದೆ ಅಂತ ಇಟ್ಟುಕೊಳ್ಳಿ. ಮೂರನೇ ಸುತ್ತು ಮುಗಿಯುವ ಹೊತ್ತಿಗೆ ಅದರ ದಾರಿ ಎಷ್ಟು ಡಿಗ್ರಿ ಪಶ್ಚಿಮಕ್ಕೆ ಸರಿದಿರುತ್ತದೆ? ಒಬ್ಬರು ಮಾಡಿ, ಪಕ್ಕದವರ ಕೈಯಲ್ಲಿ ಪರೀಕ್ಷೆ ಮಾಡಿಸಿ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.